ಕಂಡೂ ಇಲ್ಲವೆಂದವಳು

ಸುನಂದಾ, ನಾನು ಕಂಡಿದ್ದೆ. ವಿಚಾರಣೆಯಲ್ಲಿ ಕಂಡಿಲ್ಲ ಎಂದದ್ದು ಸುಳ್ಳು. ಮರೆವಲ್ಲ, ಗಲಿಬಿಲಿಯಲ್ಲ — ಎದುರಿಗೆ ಬೈಬಲ್ ಇಟ್ಟುಕೊಂಡು ಹೇಳಿದ ಶುದ್ಧ ಸುಳ್ಳು.

ರಾಯಬಾಗದ ಹತ್ತಿರದ ನಮ್ಮ ಚಿಕ್ಕ ಚರ್ಚಿನಲ್ಲಿ ಅಂದು ಹಾಡಿನ ಅಭ್ಯಾಸ ಮುಗಿದಿತ್ತು. ಪುಸ್ತಕಗಳನ್ನು ಇಡಲು ಹೋದರೆ ಪಾಸ್ಟರರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವರು ನಿನ್ನ ಮುಂಗೈ ಹಿಡಿದು ಎಳೆಯುತ್ತಿದ್ದರು. ನೀನು "ಬಿಡ್ರಿ, ಬಿಡ್ರಿ" ಅನ್ನುತ್ತಿದ್ದೆ. ಬಳೆ ಒಡೆದು ಕೈಯಲ್ಲಿ ರಕ್ತ. ನಾನು ಒಳಗೆ ನುಗ್ಗಬೇಕಿತ್ತು — ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಗದರಿಸಿದವಳು! ಪುಸ್ತಕಗಳನ್ನು ಬೆಂಚಿನ ಮೇಲಿಟ್ಟು ಮನೆಗೆ ಹೋದೆ.

ಯಾಕೆ? ನನ್ನ ಮಗಳು ರೂತಳ ಮದುವೆ. ವರ ಆ ಪಾಸ್ಟರರ ಅಕ್ಕನ ಮಗ. ನಮ್ಮಲ್ಲಿ ಮದುವೆಗೆ ಮೊದಲು ಮೂರು ರವಿವಾರ ವಧೂವರರ ಹೆಸರು ಓದಿ, ಯಾರದಾದರೂ ತಕರಾರಿದೆಯೇ ಎಂದು ಸಭೆಯನ್ನು ಕೇಳುತ್ತಾರಲ್ಲ, ಎರಡು ಸಲ ಓದಿಯಾಗಿತ್ತು. ಇನ್ನೊಂದು ರವಿವಾರ ದಾಟಿಬಿಟ್ಟರೆ ಸಾಕಪ್ಪಾ ಎಂದು...

ನೀನು ದೂರು ಕೊಟ್ಟೆ. ಚರ್ಚಿನ ಮೇಲಿನ ಕಚೇರಿಯಿಂದ ಮೂವರು ಹಿರಿಯರು ವಿಚಾರಣೆಗೆ ಬಂದರು. ಒಬ್ಬರು ನನ್ನನ್ನು ಕೇಳಿದರು:

"ಅಕ್ಕೋರ, ನೀವು ಬಾಗಲದಾಗ ನಿಂತು ನೋಡೀರಿ ಅಂತಾಳ ಸುನಂದಾ. ಖರೇ ಏನ್ರಿ?"

"ಇಲ್ರಿ. ನಾ ಆಗಲೇ ಮನಿಗಿ ಹೋಗಿದ್ನಿ."

ನೀನು ನನ್ನ ಕಡೆ ನೋಡಿದೆ. ಬೈಯಲಿಲ್ಲ. ಬೈದಿದ್ದರೆ —

ಪಾಸ್ಟರರಿಗೆ ಆದ ಶಿಕ್ಷೆ ಎಂದರೆ ಅಥಣಿ ಕಡೆಯ ಒಂದು ಚರ್ಚಿಗೆ ವರ್ಗ. ಹೋಗುವಾಗ ಶಾಲು, ಹಾರ. ನಿನಗೆ? ಸುಳ್ಳು ದೂರು ಎಂದು ಪ್ರಭುವಿನ ಭೋಜನದಿಂದ ಹೊರಗೆ. ಎಲ್ಲರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ನೀನೊಬ್ಬಳೇ ಕೊನೆಯ ಬೆಂಚಿನಲ್ಲಿ ಕೂತಿರಬೇಕು, ತಪ್ಪೊಪ್ಪಿಕೊಳ್ಳುವ ತನಕ. ಇಲ್ಲದ ತಪ್ಪನ್ನು ನೀನು ಒಪ್ಪಲಿಲ್ಲ. ಎರಡು ತಿಂಗಳು ಹಾಗೇ ಕೂತು, ಆಮೇಲೆ ಊರನ್ನೇ ಬಿಟ್ಟೆ. ನಾನು ಮಗಳ ಮದುವೆಯಲ್ಲಿ ಓಡಾಡಿ ಹೋಳಿಗೆ ಬಡಿಸಿದೆ. ನನ್ನ ನಾಲಿಗೆ ಬಿದ್ದುಹೋಗಲಿಲ್ಲ.

ಆರು ವರ್ಷವಾಯಿತು. ಹೋದ ವಾರ ಅಥಣಿ ಕಡೆಯ ಆ ಚರ್ಚಿನಿಂದ ಒಬ್ಬ ತಂದೆ ನನ್ನನ್ನು ಹುಡುಕಿಕೊಂಡು ಬಂದ; ಇಲ್ಲಿಯ ಹಳಬಳೆಂದು ಯಾರೋ ನನ್ನ ಹೆಸರು ಹೇಳಿದ್ದರಂತೆ. ಅವನ ಮಗಳೂ ಅದೇ ಪಾಸ್ಟರರ ಮೇಲೆ ದೂರು ಕೊಟ್ಟಿದ್ದಾಳೆ. ಹಿಂದೆ ಇವರ ಮೇಲೆ ಇಂಥ ಯಾವ ದೂರೂ ರುಜುವಾತಾಗಿಲ್ಲ ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದಾರಂತೆ.

"ಅಕ್ಕೋರ, ಆ ಸುನಂದಾನ ಮಾತು ಸುಳ್ಳೇನ್ರಿ? ನನ್ನ ಮಗಳು ಊಟ ಬಿಟ್ಟಾಳ್ರಿ."

ಕಂಡದ್ದನ್ನೆಲ್ಲ ಬರೆದು, ಸಹಿ ಹಾಕಿ ಕೊಟ್ಟೆ. ಸೋಮವಾರ ವಿಚಾರಣೆ, ಪಾಸ್ಟರರ ಎದುರೇ ಹೇಳಬೇಕು. ರೂತ್ ಫೋನಿನಲ್ಲಿ ಅತ್ತಳು: "ನನ್ನ ಸಂಸಾರಕ್ಕ ಬೆಂಕಿ ಹಚ್ಚಬ್ಯಾಡ ಬೇ, ಅವ್ವಾ." ಆದರೂ ಹೋಗುತ್ತೇನೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಕಂಡದ್ದನ್ನು ಬರೆದೆನೇ ಹೊರತು, ಅಂದು ಕೇಳಿದಾಗ ಇಲ್ಲವೆಂದದ್ದನ್ನು ಆ ಕಾಗದದಲ್ಲಿಯೂ ಬರೆಯಲಿಲ್ಲ — ಅಷ್ಟು ಹೇಡಿ ನಾನು. ಆ ತಂದೆ ಹೊರಡುವಾಗ ಎರಡೂ ಕೈ ಜೋಡಿಸಿ, "ನಿಮ್ಮಂಥಾವರು ಇದ್ದದ್ದಕ್ಕ ನನ್ನ ಮಗಳು ಉಳದಾಳ್ರಿ" ಅಂದ. ಅಂದು ಇಲ್ಲವೆಂದವಳೂ ನಾನೇ ಎಂದು ಸೋಮವಾರ ನಾನು ಮೊದಲು ಹೇಳಬೇಕಾದದ್ದು ಅವನಿಗೆ.