ಅಟ್ಟಕ್ಕೆ ಹಾಕಿದ ದನಿ

ಅಪ್ಪನ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ನಮ್ಮಲ್ಲಿ ಯಾರೂ ಅಳಲಿಲ್ಲ. ತೆಗೆಯದಿದ್ದರೆ ಏನಾಗುತ್ತದೆ ಎನ್ನುವುದನ್ನು ಅವರು ಮೊದಲೇ ಹೇಳಿ ಮುಗಿಸಿದ್ದರು, ಅದರ ಮುಂದೆ ಇದು ಸಣ್ಣದಾಗಿ ಕೇಳಿಸಿತು. ಹೊರಗೆ ಬಂದು ಆಸ್ಪತ್ರೆಯ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅಪ್ಪನೇ, ಆಗಲೇ ಅರ್ಧ ಕೆಟ್ಟುಹೋಗಿದ್ದ ದನಿಯಲ್ಲಿ, "ಈ ಸಲ ಶ್ರಾವಣಕ್ಕೆ ಯಾರು ಓದ್ತಾರೆ?" ಅಂದ. ಅಮ್ಮ ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

ನಮ್ಮೂರು ಬಿಳಿಗೆರೆಯ ಹತ್ತಿರ. ಊರಿನ ಈಶ್ವರನ ಗುಡಿಯಲ್ಲಿ ಶ್ರಾವಣ ಪೂರ್ತಿ ಸಂಜೆ ಹೊತ್ತು ಪುರಾಣ ಓದುತ್ತಾರೆ. ಒಬ್ಬರು ಪದ್ಯ ಹಾಡಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ನನಗೆ ತಿಳಿವಳಿಕೆ ಬಂದಾಗಿನಿಂದ ಪದ್ಯ ನಮ್ಮಪ್ಪನದೇ. ಮಾತಿನಲ್ಲಿ ಅವನು ಮಹಾ ಒರಟ. ಎತ್ತಿಗೂ ನಮಗೂ ಒಂದೇ ಬೈಗುಳ. ಆದರೆ ವ್ಯಾಸಪೀಠದ ಮುಂದೆ ಕೂತು ದನಿ ತೆಗೆದನೆಂದರೆ ಗುಡಿಯ ಮೆಟ್ಟಿಲ ಮೇಲೆ ಬೀಡಿ ಸೇದುತ್ತ ಕೂತವರೂ ಬೀಡಿ ಆರಿಸಿ ಒಳಗೆ ಬರುತ್ತಿದ್ದರು. ನನ್ನನ್ನೂ ನನ್ನ ತಮ್ಮನನ್ನೂ ಅವನು ಎತ್ತಿ ಮುದ್ದಿಸಿದ್ದು ನೆನಪಿಲ್ಲ. ಆ ದನಿಯನ್ನೇ ಮುದ್ದು ಎಂದುಕೊಂಡು ನಾವು ಬೆಳೆದುಬಿಟ್ಟೆವು.

ಒಂದು ಶ್ರಾವಣದಲ್ಲಿ ನಾನು ಅವನ ಮೈಕಿನ ಪಕ್ಕ ಸಣ್ಣ ರೆಕಾರ್ಡರ್ ಇಟ್ಟು ಅಷ್ಟನ್ನೂ ಹಿಡಿದಿಟ್ಟಿದ್ದೆ. ಅದೆಲ್ಲ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಉಳಿದಿತ್ತು. ಮದುವೆಗೆ ಮುಂಚೆ ನಾನು ಟೈಪಿಂಗ್ ಕಲಿಯಲೆಂದು ತಂದಿದ್ದ ಕಂಪ್ಯೂಟರ್ ಅದು. ನಾನು ಗಂಡನ ಮನೆ ಸೇರಿ, ತುರುವೇಕೆರೆಯಲ್ಲಿ ಕೆಲಸಕ್ಕೂ ಸೇರಿದ ಮೇಲೆ ಅದು ಪಡಸಾಲೆಯ ಮೂಲೆಯಲ್ಲಿ ಹಳೇ ಟವೆಲ್ ಹೊದ್ದುಕೊಂಡು ಕೂತಿತ್ತು. ಅಪ್ಪ ಮಾತ್ರ ಅದರಲ್ಲಿ ಇಸ್ಪೀಟು ಆಡುವುದನ್ನೂ, ಬೇಡದ್ದನ್ನು ಅಳಿಸಿ ಕಸದಬುಟ್ಟಿ ಖಾಲಿ ಮಾಡುವುದನ್ನೂ ಕಲಿತಿದ್ದ. ಗೆದ್ದರೆ ಎಲೆಗಳೆಲ್ಲ ಪುಟಿದು ಬೀಳುವುದನ್ನು ನೋಡಲು ಅಮ್ಮನನ್ನೂ ಕೂಗಿ ಕರೆಯುತ್ತಿದ್ದ.

ಆಸ್ಪತ್ರೆಯಿಂದ ಬಂದ ಮರುದಿನ ಟವೆಲ್ ತೆಗೆದು ಗುಂಡಿ ಒತ್ತಿದೆ. ಅದು ಗೊರಗೊರ ಸದ್ದು ಮಾಡುತ್ತ ಎದ್ದ ರೀತಿ ನೋಡಿಯೇ ನನಗೆ ಭಯವಾಯಿತು. ಇವತ್ತೋ ನಾಳೆಯೋ ಕಣ್ಣು ಮುಚ್ಚುವ ಹಾಗಿತ್ತು. ಪೆನ್‌ಡ್ರೈವ್ ಹಾಕಿದರೆ ಗುರುತೇ ಹಿಡಿಯಲಿಲ್ಲ. ಹಾಗಾಗಿ ಕ್ಲೌಡ್‌ಗೆ ಹಾಕೋಣ, ನಾನೂ ತಮ್ಮನೂ ಇಬ್ಬರೂ ಫೋನಿನಲ್ಲೇ ಕೇಳಬಹುದು, ಯಂತ್ರ ಸತ್ತರೂ ಚಿಂತೆಯಿಲ್ಲ ಅಂದೆ. ಆದರೆ ಅಷ್ಟು ಹಳೆಯ ಯಂತ್ರಕ್ಕೆ ಹೊಸ ಪ್ರೋಗ್ರಾಮ್ ಹಿಡಿಸಬೇಕಲ್ಲ! ಹಾಕಿದ್ದನ್ನೆಲ್ಲ ಉಗುಳಿತು. ಕೊನೆಗೆ ಎಲ್ಲೋ ಹುಡುಕಿ ಹಳೆಯದೊಂದನ್ನು ತಂದು ಕೂರಿಸಿದೆ. ಅದು ಒಂದು ಫೋಲ್ಡರ್ ಮಾಡಿಕೊಟ್ಟಿತು. ಅದರೊಳಗೆ ಏನು ಇಟ್ಟರೂ ತಾನೇ ಮೇಲಕ್ಕೆ ಹೋಗುತ್ತದೆ, ಹೋದದ್ದರ ಮೇಲೆ ಹಸಿರು ಗುರುತು ಬೀಳುತ್ತದೆ. ಡಿಸ್ಕಿನಲ್ಲಿ ಎರಡು ಕಡೆ ಇಡಲು ಜಾಗವಿರಲಿಲ್ಲ. ಅಪ್ಪನ ಪದ್ಯಗಳನ್ನೆಲ್ಲ ಆ ಫೋಲ್ಡರಿನೊಳಕ್ಕೇ ಎಳೆದು ಹಾಕಿದೆ.

ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. "ಎಲ್ಲಿಗೆ ಹೋಗ್ತದೆ ಇದು?" ಅಂತ ಪಿಸುಗುಟ್ಟಿದ.

"ಮೇಲಕ್ಕೆ ಕಣಪ್ಪ. ಅಲ್ಲಿ ಇಟ್ಟಿರ್ತಾರೆ. ಬೇಕಾದಾಗ ತಗಂಡು ಕೇಳ್ಬೋದು."

ಅಪ್ಪ ತಲೆಯೆತ್ತಿ ಮೇಲೆ ನೋಡಿ, "ಅಂಗಾದ್ರೆ ಅಟ್ಟ ಅನ್ನು," ಅಂದ.

ನಾವೆಲ್ಲ ನಕ್ಕೆವು. ತಮ್ಮ, "ಸರಿಯಾಗೇಳ್ದೆ ಕಣಪ್ಪ, ಅಟ್ಟನೇ ಅದು," ಅಂದ. ಆ ವಾರದಲ್ಲಿ ನಮ್ಮ ಮನೆಯಲ್ಲಿ ಎದ್ದ ನಗು ಅದೊಂದೇ. ಅದನ್ನು ಯಾರೂ ತಿದ್ದಲು ಹೋಗಲಿಲ್ಲ.

ನಮ್ಮ ಕಡೆಯವರಿಗೆ ಅಟ್ಟ ಅಂದರೆ ಏನು ಅನ್ನುವುದನ್ನು ಹೇಳಬೇಕು. ನಾವು ತೆಂಗಿನಕಾಯಿ ಕೆಡವಿದ ಕೂಡಲೇ ಸುಲಿಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಕತ್ತಲಲ್ಲಿ ಇದ್ದು, ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಆದರೆ ಕೆಳಗೆ ಅಂಗಳದಲ್ಲಿ ಒಂದು ಕಾಯಿ ಉಳಿದರೂ ಅಪ್ಪನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಮಳೆ ಬೀಳುತ್ತದೆ, ಹೆಗ್ಗಣ ಬರುತ್ತದೆ, ಕೈ ಚಾಚುವವರಿಗೆ ಏನು ಕಡಿಮೆ? "ಮೇಲಕ್ಕೆ ಹೋಗಿದ್ದು ನಮ್ದು, ಕೆಳಗೆ ಬಿದ್ದಿದ್ದು ಊರಿಂದು" ಎನ್ನುತ್ತಿದ್ದ. ಅಟ್ಟ ತುಂಬಿದ ಸಂಜೆಯೇ ಅಂಗಳ ಗುಡಿಸಿ ನೀರು ಹಾಕಿಸುತ್ತಿದ್ದ.

ನಾನು ತುರುವೇಕೆರೆಗೆ ವಾಪಸು ಬಂದೆ. ಬರುವಾಗ ಫೋನಿನಲ್ಲಿ ತೆರೆದು ನೋಡಿದರೆ ಮೊದಲ ಕೆಲವು ಪದ್ಯ ಆಗಲೇ ಬಂದಿದ್ದವು. ಬಸ್ಸಿನಲ್ಲೇ ಒಂದನ್ನು ಹಾಕಿ ಕಿವಿಗೆ ಹಿಡಿದೆ. ಎರಡು ಸಾಲು ಕೇಳುವಷ್ಟರಲ್ಲಿ ಅಳು ಬಂದು, ನಿಲ್ಲಿಸಿ, ಕಿಟಕಿಯ ಕಡೆ ತಿರುಗಿ ಕೂತೆ. ಅವನು ಬದುಕಿರುವಾಗಲೇ ಹೀಗೆ ಅಳುವುದು ಅಪಶಕುನ ಅನ್ನಿಸಿತು. ಇನ್ನು ಶ್ರಾವಣದವರೆಗೆ ಕೇಳುವುದಿಲ್ಲ ಎಂದುಕೊಂಡೆ.

ಊರಲ್ಲಿ ಸಿಗ್ನಲ್ ಸಿಗುವುದು ಪಡಸಾಲೆಯ ಕಿಟಕಿಯಲ್ಲಿ ಮಾತ್ರ. ತಮ್ಮ ತನ್ನ ಹತ್ತಿರವಿದ್ದ ಇನ್ನೊಂದು ಫೋನನ್ನು ಕಿಟಕಿಗೆ ಕಟ್ಟಿ ಅದರಿಂದ ಕಂಪ್ಯೂಟರಿಗೆ ನೆಟ್ ಕೊಟ್ಟು ತೋಟಕ್ಕೆ ಹೋಗುತ್ತಿದ್ದ. ಅಪ್ಪ ಕಾವಲು. ಆಪರೇಷನ್ನಿನ ದಿನ ಹತ್ತಿರ ಬರುತ್ತಿದ್ದರೂ ಅವನಿಗೆ ಅದರ ಮೇಲೆ ಗಮನವಿರಲಿಲ್ಲ, ಹಸಿರು ಗುರುತು ಬೀಳುವುದರ ಮೇಲಿತ್ತು ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಊಟಕ್ಕೆ ಕರೆದರೂ, "ಇದೊಂದು ಹತ್ಲಿ ತಡಿಯೇ," ಅನ್ನುತ್ತಿದ್ದನಂತೆ. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಎಲ್ಲ ಹತ್ತಿತು. ಅವನೇ ಟವೆಲ್ ಹೊದಿಸಿದ.

ಆಮೇಲೆ ನಡೆದದ್ದನ್ನು ವಿವರವಾಗಿ ಬರೆಯುವ ಮನಸ್ಸಿಲ್ಲ. ಕುತ್ತಿಗೆಯಲ್ಲಿ ಒಂದು ತೂತು ಮಾಡಿ ಕಳಿಸಿದರು. ಉಸಿರು ಅಲ್ಲಿಂದಲೇ. ಅದರ ಮುಂದೆ ಒದ್ದೆ ಬಿಳಿಬಟ್ಟೆ ಕಟ್ಟಬೇಕು, ಸಿಪ್ಪೆಯ ಧೂಳು ತಾಕಬಾರದು, ಸ್ನಾನ ಮಾಡಿಸುವಾಗ ನೀರು ಹೋಗಬಾರದು. ಕೆಮ್ಮಿದರೆ ಬಾಯಿಂದ ಬರಬೇಕಾದ ಕಫ ಕುತ್ತಿಗೆಯಿಂದ ಬರುತ್ತಿತ್ತು. ಮೊದಮೊದಲು ನಮ್ಮನ್ನು ಕರೆಯಲು ಬಾಯಿ ತೆರೆಯುತ್ತಿದ್ದ, ಏನೂ ಹೊರಡುತ್ತಿರಲಿಲ್ಲ, ಮುಖ ಕೆಂಪಾಗುತ್ತಿತ್ತು. ಆಮೇಲೆ ಲೋಟದಿಂದ ಗೋಡೆಗೆ ಬಡಿಯುವುದನ್ನು ರೂಢಿ ಮಾಡಿಕೊಂಡ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತೇ ಇಲ್ಲದವನ ಜಗಳ ನೋಡಿದವರಿಗೆ ಗೊತ್ತು. ತಟ್ಟೆ ಎಸೆಯುತ್ತಿದ್ದ, ಅಮ್ಮ ಆರಿಸುತ್ತಿದ್ದಳು. ಅವನ ಬೈಗುಳ ಕೇಳಲು ನನಗೆ ಆಸೆಯಾಗುತ್ತಿತ್ತು ಅಂದರೆ ಯಾರೂ ನಂಬಲಿಕ್ಕಿಲ್ಲ.

ನಾನು ಊರಿಗೆ ಹೋದಾಗಲೆಲ್ಲ ನನ್ನ ಫೋನು ತೋರಿಸಿ, ಆಮೇಲೆ ಅದೇ ಬೆರಳನ್ನು ಅಟ್ಟದ ಕಡೆಗೆ ಎತ್ತಿ ಹುಬ್ಬು ಹಾರಿಸುತ್ತಿದ್ದ. "ಮೇಲೈತೆ ಕಣಪ್ಪ, ಭದ್ರವಾಗೈತೆ," ಅನ್ನುತ್ತಿದ್ದೆ. ಸಮಾಧಾನವಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹಾಕು ಎಂದು ಅವನು ಕೇಳಲಿಲ್ಲ. ಅಟ್ಟದ್ದನ್ನು ಹೊತ್ತಿಗೆ ಮುಂಚೆ ಇಳಿಸಬಾರದಲ್ಲ.

ಶ್ರಾವಣಕ್ಕೆ ಇನ್ನೇನು ಕೆಲವೇ ದಿನ ಇರುವಾಗ ಗುಡಿಯ ಹಿರಿಯರು ಇಬ್ಬರು ಮನೆಗೆ ಬಂದರು. ನಾನೂ ಅವತ್ತು ಊರಲ್ಲೇ ಇದ್ದೆ. ಅವರಲ್ಲಿ ಒಬ್ಬರು ಮೂವತ್ತು ವರ್ಷ ಅಪ್ಪನ ಪದ್ಯಕ್ಕೆ ಅರ್ಥ ಹೇಳಿದವರು. "ಬೇರೆಯೋರ ಪದ್ಯಕ್ಕೆ ಅರ್ಥ ಹೇಳಕ್ಕೆ ನನಗೆ ಬಾಯಿ ಬರಕಿಲ್ಲ ಕಣವ್ವ," ಅಂದರು ನನಗೆ. "ನಿಮ್ಮಪ್ಪಂದೇ ಮೈಕಲ್ಲಿ ಹಾಕಿ. ಅವ್ನು ನನ್ನ ಪಕ್ಕ ಕೂತ್ಕಳ್ಳಿ ಸಾಕು. ನಾನು ಅರ್ಥ ಹೇಳ್ತೀನಿ."

ಅಪ್ಪ ಎದ್ದು ನೆಟ್ಟಗೆ ಕೂತ. ಆಪರೇಷನ್ ಆದಮೇಲೆ ಅವನ ಮುಖದಲ್ಲಿ ಅಂಥ ಕಳೆ ನೋಡಿರಲಿಲ್ಲ. ನನ್ನ ಕಡೆ ತಿರುಗಿ ಬೆರಳನ್ನು ಅಟ್ಟಕ್ಕೆ ತೋರಿಸಿದ, ಕೈಯನ್ನು ಕೆಳಗೆ ಇಳಿಸಿದ. ಇಳಿಸು ಎಂದು.

ಕಿಟಕಿಯ ಹತ್ತಿರ ಹೋಗಿ ತೆರೆದೆ. ಫೋಲ್ಡರ್ ಇತ್ತು, ಹೆಸರೂ ಇತ್ತು. ಒಳಗೆ ಏನೂ ಇರಲಿಲ್ಲ.

ಸಿಗ್ನಲ್ ಇಲ್ಲವೇನೋ ಎಂದುಕೊಂಡೆ. ತಮ್ಮನ ಫೋನಿನಲ್ಲಿ ನೋಡಿದರೆ ಅಲ್ಲೂ ಹಾಗೇ. ಅವನು ಕಂಪ್ಯೂಟರ್ ಹಾಕಿದ. ಅದು ಗೊರಗೊರ ಎನ್ನುತ್ತ ಎದ್ದಿತು, ಬದುಕಿಯೇ ಇತ್ತು. ಫೋಲ್ಡರ್ ಮಾತ್ರ ಬರಿದು. ಕಸದಬುಟ್ಟಿಯೂ ಬರಿದು. "ಎಲ್ಲಿ ಹೋಯ್ತು ಕಣಕ್ಕ?" ಎಂದು ತಮ್ಮ ಮೆಲ್ಲಗೆ ಕೇಳಿದ.

ಅಪ್ಪ ನಮ್ಮ ಹಿಂದೆ ಬಂದು ನಿಂತಿದ್ದ. ಬರಿದಾದ ಫೋಲ್ಡರನ್ನು ನೋಡಿ ಅವನು ಬೆಚ್ಚಲಿಲ್ಲ. ನಮ್ಮ ದಡ್ಡತನಕ್ಕೆ ಮುಗುಳ್ನಕ್ಕ. ಅಟ್ಟಕ್ಕೆ ಬೆರಳು ತೋರಿಸಿದ. ಆಮೇಲೆ ಬಗ್ಗಿ, ಪಡಸಾಲೆಯ ನೆಲವನ್ನು ಎರಡೂ ಕೈಯಿಂದ ಗುಡಿಸುವ ಹಾಗೆ ಮಾಡಿ, ಕೈ ಒದರಿಕೊಂಡ. ಮೇಲಕ್ಕೆ ಹೋಯಿತು, ಕೆಳಗೆ ನಾನು ಗುಡಿಸಿದೆ.

ಆಗ ನನಗೆ ತಿಳಿಯಿತು. ಒಂದೊಂದಕ್ಕೂ ಹಸಿರು ಗುರುತು ಬಿದ್ದಂತೆ ಅವನು ಅದನ್ನು ಕೆಳಗಿನಿಂದ ಅಳಿಸುತ್ತ ಬಂದಿದ್ದ. ಅಂಗಳದಲ್ಲಿ ಕಾಯಿ ಬಿಡಬಾರದಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ, ಆ ಅಟ್ಟ ಈ ಅಂಗಳದ ನೆರಳು ಮಾತ್ರ ಎಂದು ಯಾವ ತೆಂಗಿನ ತೋಟದವನಿಗೆ ಹೊಳೆಯಬೇಕು? ಅಳಿಸಿದ್ದು ಮೇಲಿನ ಬುಟ್ಟಿಯಲ್ಲಿ ಸ್ವಲ್ಪ ಕಾಲ ಬಿದ್ದಿರುತ್ತದಂತೆ. ಆ ಕಾಲದಲ್ಲಿ ನಾವು ಆಸ್ಪತ್ರೆಯ ವರಾಂಡದಲ್ಲಿದ್ದೆವು. ಮುಂದೆ ಕಂಪನಿಗೆ ಬರೆದು ಕೇಳಿದೆ, ಇನ್ನು ಸಿಗುವುದಿಲ್ಲ ಎಂದು ಬಹಳ ವಿನಯದಿಂದ ತಿಳಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನ ಕೈಯಲ್ಲೇ ದೊಣ್ಣೆ ಇತ್ತು.

"ನೆಟ್ ಸರಿಯಿಲ್ಲ ಕಣಪ್ಪ, ಆಮೇಲೆ ಇಳಿಸ್ತೀವಿ," ಎಂದು ಅವತ್ತು ತಮ್ಮ ಹಿರಿಯರ ಎದುರಿಗೇ ಸುಳ್ಳು ಹೇಳಿದ. ನಾನು ಹೂಂ ಅಂದೆ. ಅದನ್ನು ಬಿಟ್ಟು ಬೇರೆ ಏನು ಹೇಳಬಹುದಿತ್ತು ಎಂದು ಈಗಲೂ ನನಗೆ ತಿಳಿಯದು. ಶ್ರಾವಣ ಬಂತು. ಪಕ್ಕದೂರಿನ ಯಾರನ್ನೋ ಕರೆಸಿ ಓದಿಸಿದರು. ಅಪ್ಪ ಒಂದು ದಿನವೂ ಗುಡಿಗೆ ಹೋಗಲಿಲ್ಲ. ಸಂಜೆ ಮೈಕಿನ ಸದ್ದು ತೇಲಿ ಬಂದರೆ ಲೋಟ ತೆಗೆದು ಗೋಡೆಗೆ ಬಡಿಯುತ್ತಿದ್ದ, ಅಮ್ಮ ಎದ್ದು ಹೋಗಿ ಕಿಟಕಿ ಹಾಕುತ್ತಿದ್ದಳು.

ಅವನ ದನಿ ಬೇರೆಲ್ಲಾದರೂ ಸಿಕ್ಕೀತೇ ಎಂದು ನಾವಿಬ್ಬರೂ ಹುಡುಕಿದೆವು. ಮದುವೆಯ ವೀಡಿಯೋಗಳಲ್ಲಿ ಓಲಗದ ಸದ್ದು, ಅವನ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಕೊನೆಗೆ ತಮ್ಮನ ಫೋನಿನಲ್ಲಿ, ಅವನು ತೆರೆದೇ ಇರದ ಒಂದು ವಾಯ್ಸ್ ಮೆಸೇಜ್ ಸಿಕ್ಕಿತು. ತಮ್ಮನಿಗೆ ಅದನ್ನು ಕೇಳುವ ಅಭ್ಯಾಸವಿಲ್ಲ, ಬಂದರೆ ತಿರುಗಿ ಫೋನ್ ಮಾಡುತ್ತಾನೆ ಅಷ್ಟೆ. ಅಮ್ಮನ ಫೋನಿನಿಂದ ಅಪ್ಪ ಕಳಿಸಿದ್ದು, ಆಪರೇಷನ್ನಿಗೆ ಮುಂಚೆ. ಕೊಟ್ಟಿಗೆಯ ಹಿಂದೆ ಹೋಗಿ ಹಾಕಿಕೊಂಡೆವು. ಗೊಗ್ಗರು ದನಿ, ಮಧ್ಯೆ ಮಧ್ಯೆ ಕೆಮ್ಮು.

"ಲೇ, ಕರೆಂಟ್ ಹೋಯ್ತು ಕಣ್ಲಾ. ಬಂದೇಟ್ಗೆ ಮತ್ತೆ ಹತ್ತಿಸ್ತೀನಿ. ಮೇಲಕ್ಕೆ ಹೋಗಿದ್ದುನ್ನೆಲ್ಲ ಕೆಳಗೆ ಅಳ್ಸಿದೀನಿ, ಚೊಕ್ಕಟ ಆಗೈತೆ. ಯೋಚ್ನೆ ಮಾಡ್ಬ್ಯಾಡ ಅಂತ ಅಕ್ಕಂಗೂ ಹೇಳ್ಬುಡು."

ಅಪ್ಪನ ದನಿ ಎಂದು ಉಳಿದದ್ದು ಇಷ್ಟೇ. ತಮ್ಮ ಎತ್ತು ಕಟ್ಟುವ ಗೊಂತಿನ ಮೇಲೆ ಕೂತು ಅತ್ತ. ನನಗೂ ಅದನ್ನು ಕಳಿಸಿಕೊಂಡೆ.

ದೀಪಾವಳಿಗೆ ಮುಂಚೆ ಅಟ್ಟದಿಂದ ಕಾಯಿ ಇಳಿಸಿದರು. ಸುಲಿಯುವವರು ಮನೆಯ ಹಿಂದೆ ದೂರದಲ್ಲಿ ಕೂತಿದ್ದರು. ಅಪ್ಪ ಜಗುಲಿಯ ಮೇಲೆ ಕುತ್ತಿಗೆಗೆ ಒದ್ದೆಬಟ್ಟೆ ಕಟ್ಟಿಕೊಂಡು, ಹಟ ಮಾಡಿ, ಸುಲಿದ ಕಾಯಿ ಆರಿಸುವ ಕೆಲಸ ಹಿಡಿದಿದ್ದ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಉಂಡೆ ಗೊಟಗೊಟ ಎಂದರೆ ಬಲಕ್ಕೆ, ಸದ್ದಿಲ್ಲದಿದ್ದರೆ ಕೊಳೆತದ್ದೆಂದು ಎಡಕ್ಕೆ. ನಾನು ಪಕ್ಕದಲ್ಲಿ ಕೂತು ಅವನು ಇಟ್ಟದ್ದನ್ನು ಚೀಲಕ್ಕೆ ತುಂಬುತ್ತಿದ್ದೆ.

ನಡುವೆ ಕೈ ನಿಲ್ಲಿಸಿ ನನ್ನ ಕಡೆ ನೋಡಿದ. ನನ್ನ ಫೋನು ಕೊಡು ಎಂದು ಕೈ ಚಾಚಿದ. "ನೆಟ್..." ಎಂದು ಬಾಯಿ ತೆರೆದೆ. ಬೇಡ ಎನ್ನುವ ಹಾಗೆ ತಲೆಯಾಡಿಸಿದ. ಕೊಟ್ಟೆ. ಅದನ್ನು ಕಿವಿಯ ಹತ್ತಿರ ಹಿಡಿದು, ಕಾಯಿಯನ್ನು ಅಲ್ಲಾಡಿಸುವ ಹಾಗೆಯೇ ಎರಡು ಸಲ ಅಲ್ಲಾಡಿಸಿದ. ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಕಣ್ಣು ತಗ್ಗಿಸಿದೆ. ಎಷ್ಟು ದಿನದಿಂದ ಅವನಿಗೆ ಗೊತ್ತಿತ್ತೋ! ಫೋನನ್ನು ಮೆಲ್ಲಗೆ, ಎಸೆಯದೆ, ಎಡಗಡೆಯ ರಾಶಿಯ ಮೇಲೆ ಇಟ್ಟು, ಮುಂದಿನ ಕಾಯಿ ಕೈಗೆ ತೆಗೆದುಕೊಂಡ.

ಅವನ ದನಿ ಆ ಫೋನಿನೊಳಗೇ ಇತ್ತು. ಆದರೆ ಕೆಳಗೆ ಅಳ್ಸಿದೀನಿ ಎನ್ನುವ ಆ ಮಾತು ಅವನಿಗೆ ಕೇಳಿಸುವಂಥದ್ದಾಗಿರಲಿಲ್ಲ. ಅಮ್ಮ ಬಾಗಿಲಿನಿಂದ ನೋಡುತ್ತಿದ್ದವಳು ಬಂದು ಅದನ್ನು ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ, ನನ್ನ ಕೈಗೆ ಕೊಟ್ಟಳು.