ಅಪ್ಪ ಪಾಸು ಮಾಡಿದ ಮೊಣಕಾಲು

ಅಟ್ಟ ಚೊಕ್ಕಟ ಮಾಡುವ ಕೆಲಸಕ್ಕೆ ನಾನು ಕೈಹಾಕುವುದು ಮನೆಗೆ ನೆಂಟರು ಬರುತ್ತಾರೆಂಬ ಭಯಕ್ಕೆ ಮಾತ್ರ. ಮೊನ್ನೆ ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನ ಅಟ್ಟದಿಂದ ತುಕ್ಕು ಹಿಡಿದ ಡಬ್ಬಿಗಳ ಜೊತೆ ನನ್ನ ಎಡಮೊಣಕಾಲೂ ಇಳಿದು ಬಂತು. ಗಾಬರಿಯಾಗಬೇಡಿ, ಎಕ್ಸ್‌ರೇ ಫಿಲ್ಮು.

ಆಗ ನಾನು ಕಾಲೇಜಿನಲ್ಲಿದ್ದೆ. ಮೆಟ್ಟಿಲು ಇಳಿಯುವಾಗ ಮೊಣಕಾಲು ನೋಯುತ್ತಿತ್ತು. ಹಿಮಾಯತ್‌ನಗರದ ಸೋದರತ್ತೆ ಕಾಲನ್ನು ನೋಡದೆಯೇ, "ವಾಯು ಐತಿ, ಎಳ್ಳೆಣ್ಣಿ ತಿಕ್ಕು" ಎಂದರು. ಅವರು ನೆಗಡಿಗೂ ಅದನ್ನೇ ಹೇಳುತ್ತಿದ್ದರು. ಹಾಸಿಗೆಗೆ ಎಣ್ಣೆ ಹತ್ತಿತೇ ಹೊರತು ನೋವು ಹೋಗಲಿಲ್ಲ. ಕಡೆಗೆ ಸಿಕಂದರಾಬಾದಿನ ಎಲುಬಿನ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಮೊಣಕಾಲಿನ ಕೆಳಗೆ, ಎಲುಬಿನೊಳಗೆ, ಕಪ್ಪು ಪೊಳ್ಳೊಂದು ಕಂಡಿತು. ನೀರುಗುಳ್ಳೆ ಇರಬಹುದು, ಕೆರೆದು ಲ್ಯಾಬಿಗೆ ಕಳಿಸುವವರೆಗೆ ಖಾತ್ರಿ ಹೇಳಲಾರೆ ಎಂದರು. ಕ್ಯಾನ್ಸರ್ ಎಂಬ ಶಬ್ದವನ್ನು ಅವರೂ ಆಡಲಿಲ್ಲ, ನಾವೂ ಕೇಳಲಿಲ್ಲ. ಆದರೂ ಅದು ಬಸ್ಸು ಹತ್ತಿ ನಮ್ಮ ಜೊತೆಗೇ ಮನೆಗೆ ಬಂತು.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅವರದು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನೌಕರಿ. ಎರಕ ಹೊಯ್ದ ಲೋಹದ ಭಾಗಗಳಿಗೂ ಎಕ್ಸ್‌ರೇ ತೆಗೆಯುತ್ತಾರೆ. ಅದನ್ನು ನೋಡಿ ಪಾಸೋ ರಿಜೆಕ್ಟೋ ಹೇಳುವುದು ಅಪ್ಪನ ಕೆಲಸ. ಒಳಗೆ ಗಾಳಿ ಸಿಕ್ಕಿ ಪೊಳ್ಳು, ಅವರ ಭಾಷೆಯಲ್ಲಿ ಬ್ಲೋಹೋಲ್, ಉಳಿದಿದ್ದರೆ, ಮೇಲಧಿಕಾರಿ ಕೈಮುಗಿದರೂ ಬಿಡುತ್ತಿರಲಿಲ್ಲ. ಆ ಚಟ ಮನೆಗೂ ಬಂದಿತ್ತು. ಮಾರ್ಕೆಟ್ಟಿನಲ್ಲಿ ಬದನೆಕಾಯಿಯನ್ನೂ ಬೆಳಕಿಗೆ ಹಿಡಿದೇ ಕೊಳ್ಳುತ್ತಿದ್ದರು. ಬದನೆಕಾಯಿಯಲ್ಲಿ ಏನು ಕಾಣುತ್ತಿತ್ತೋ ಅವರಿಗೇ ಗೊತ್ತು.

ಅವತ್ತು ಸಂಜೆ ನಮಗೆ ಬೆನ್ನು ಮಾಡಿ, ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನಿಂತರು.

"ಬ್ಲೋಹೋಲ್ ಐತಿ, ಅಷ್ಟ. ಅಂಚು ಭಾಳ ಸ್ವಚ್ಛ ಐತಿ. ತುಂಬಿಸಿದ್ರ ಆತು. ಪಾಸ್," ಎಂದರು.

ಮುಗಿಯಿತು. ಆಪರೇಶನ್ನಿಗೆ ನಾನು ಮದುವೆಗೆ ಹೋದಂತೆ ಹೋದೆ. ಡಾಕ್ಟರು ಗುಳ್ಳೆ ಕೆರೆದು, ನನ್ನದೇ ಸೊಂಟದ ಎಲುಬಿನ ಚೂರು ತೆಗೆದು ಪೊಳ್ಳು ತುಂಬಿದರು. ರಿಪೋರ್ಟು ಬರುವವರೆಗೆ ಅವ್ವನಿಗೆ ಅನ್ನ ಸೇರಲಿಲ್ಲ. ಅವಳ ಪಾಲಿನದನ್ನೂ ನಾನೇ ಉಂಡೆ. ಸಾದಾ ಗುಳ್ಳೆ, ಅಪಾಯವಿಲ್ಲ ಎಂದು ಬಂತು. ನನಗೇನೂ ಆಶ್ಚರ್ಯವಾಗಲಿಲ್ಲ. ಅಪ್ಪ ಮೊದಲೇ ಹೇಳಿದ್ದರಲ್ಲ.

ರದ್ದಿಗೆ ಹಾಕುವ ಮುನ್ನ ಮೊನ್ನೆ ಆ ಫಿಲ್ಮನ್ನು, ಈಗ ನಮ್ಮ ಜೊತೆಗೇ ಇರುವ ಅಪ್ಪನ ಕೈಗೆ ಕೊಟ್ಟೆ. ಬಾಲ್ಕನಿಗೆ ಹೋಗಿ ಬೆಳಕಿಗೆ ಹಿಡಿದರು. ಕಪ್ಪು ಪೊಳ್ಳಿನ ಸುತ್ತ ಬೆರಳು ಆಡಿಸಿದರು.

"ಇಷ್ಟು ದೊಡ್ಡದಿತ್ತೇನವಾ?"

"ಅವತ್ತ ನೀವ ನೋಡಿ ಪಾಸ್ ಮಾಡಿದ್ರಲ್ಲಪ್ಪಾ?"

"ಎಲ್ಲಿ ನೋಡಿದೆ? ಕಣ್ಣ ಮುಚ್ಚಿಕೊಂಡ ನಿಂತಿದ್ದೆ."

ಅವತ್ತು ಆಗಬೇಕಿದ್ದ ಹೆದರಿಕೆ ನನಗೆ ಈಗ ಆಯಿತು. ಅಪ್ಪನ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.