ಮುಂದಿನ ಸೀಟಿನ ಕರಡಿ

ಲೋಕದಲ್ಲಿ ಎಷ್ಟೋ ಸಾಮ್ರಾಜ್ಯಗಳು ಎದ್ದಿವೆ, ಬಿದ್ದಿವೆ. ಆದರೆ ನಮ್ಮ ಬೀದಿಯ ಲಾಂಡ್ರಿಯಿಂದ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಕರವಸ್ತ್ರವೂ ಕಳೆದಿಲ್ಲ. ಈ ಅಜೇಯ ದಾಖಲೆಯ ಒಡತಿಯನ್ನು ಎಲ್ಲರೂ ಗುರುತಕ್ಕ ಅನ್ನುತ್ತಾರೆ. ಅಂಗಡಿಗೆ ಬಂದ ಪ್ರತಿ ಬಟ್ಟೆಯ ಒಳಮಡಿಕೆಯಲ್ಲಿ, ಅದರ ಯಜಮಾನನ ಕಣ್ಣಿಗೂ ಬೀಳದ ಹಾಗೆ, ಕೆಂಪು ದಾರದಲ್ಲಿ ಆಕೆ ಒಂದು ಗುರುತು ಹೊಲಿಯುತ್ತಾಳೆ. ಹಲ್ಲಿನ ಡಾಕ್ಟರಿಗೆ ಮೂರು ಅಡ್ಡ ಹೊಲಿಗೆ, ಬ್ಯಾಂಕಿನ ಕಾವಲುಗಾರನಿಗೆ ಎರಡು ಓರೆ. ಒಬ್ಬರ ಗುರುತು ಇನ್ನೊಬ್ಬರಿಗಿಲ್ಲ. ಬಿಳಿ ಅಂಗಿಗಳ ಗುಡ್ಡಕ್ಕೆ ಕಣ್ಣುಮುಚ್ಚಿ ಕೈಹಾಕಿ, ಕಾಲರಿನೊಳಗೆ ಬೆರಳಾಡಿಸಿ, "ಇದು ಡಾಕ್ಟರದು, ಮತ್ತೆ ಇಂಕು ಚೆಲ್ಕೊಂಡಿದಾರೆ" ಅನ್ನುವಷ್ಟು ಪಳಗಿದ ಕೈ ಅದು.

ಆಕೆಯ ಇನ್ನೊಂದು ಹೆಮ್ಮೆ ಫೋನು. ಬೋರ್ಡಿನ ಮೇಲೆ, ವ್ಯಾನಿನ ಎರಡೂ ಬದಿಗೆ, ಬಟ್ಟೆ ಸುತ್ತುವ ಕಾಗದದ ಮೇಲೆ ಇರುವುದು ಮೊದಲಿನಿಂದಲೂ ಒಂದೇ ನಂಬರು. ಇಸ್ತ್ರಿಪೆಟ್ಟಿಗೆ ಕೈಯಲ್ಲಿದ್ದರೂ ಎರಡನೇ ರಿಂಗಿಗೆ ಗುರುತಕ್ಕ ಫೋನೆತ್ತುತ್ತಾಳೆ.

ಇಂಥ ಸುಭದ್ರ ರಾಜ್ಯದ ಮೇಲೆ ದಾಳಿ ನಡೆದದ್ದು ಒಂದು ಸಣ್ಣ ಡಿಕ್ಕಿಯಿಂದ. ಯಜಮಾನರು, ಅಂದರೆ ಆಕೆಯ ಗಂಡ, ವ್ಯಾನು ನಿಲ್ಲಿಸಿಕೊಂಡು ಸಿಗ್ನಲ್ಲಿನಲ್ಲಿ ಆಕಳಿಸುತ್ತಿದ್ದಾಗ ಹಿಂದಿನ ಕಾರೊಂದು ಬಂದು ಗುದ್ದಿತು. ಹಿಂದಿನ ಬಾಗಿಲು ನೆಗ್ಗಿ, ದೀಪ ಒಡೆದು, ಚಕ್ರಕ್ಕೆ ಬಾಗಿಲಿನ ತಗಡು ಒರಸತೊಡಗಿತು. ಯಜಮಾನರಿಗೆ ಒಂದು ಗೀರೂ ಆಗಲಿಲ್ಲ. ಕೆಟ್ಟ ಗಾಡಿ ಎಳೆಯುವ ಲಾರಿಯವನು ವ್ಯಾನನ್ನು ಗ್ಯಾರೇಜಿಗೆ ಒಯ್ದ. ಗುರುತಕ್ಕ ವಿಮೆ ಕಂಪನಿಗೆ ತಿಳಿಸಿದಳು. ಅಲ್ಲಿಗೆ ಕತೆ ಮುಗಿಯಬೇಕಿತ್ತು.

ಮರುದಿನ ಬೆಳಿಗ್ಗೆ ಫೋನು ಬಂತು. "ಮೇಡಮ್, ಅಪಘಾತದಲ್ಲಿ ನಿಮ್ಮನೆಯವರಿಗೆ ಕತ್ತು ಉಳುಕಿದೆಯಂತೆ. ದೊಡ್ಡ ಪರಿಹಾರ ಕೊಡಿಸ್ತೀವಿ."

"ಉಳುಕಿಲ್ಲಪ್ಪಾ. ಗಟ್ಟಿಯಾಗಿದೆ."

"ಈಗ ಗೊತ್ತಾಗಲ್ಲ ಮೇಡಮ್. ನಿಧಾನಕ್ಕೆ ಉಳುಕುತ್ತೆ."

ಅವತ್ತು ಹದಿನೇಳು ಕರೆ. ಮರುದಿನ ಇಪ್ಪತ್ಮೂರು. ಒಬ್ಬ ಕತ್ತು ಕೇಳಿದರೆ ಇನ್ನೊಬ್ಬಳು ಸೊಂಟ ಕೇಳಿದಳು, ಮತ್ತೊಬ್ಬ ನಿದ್ದೆ ಬರುತ್ತಿದೆಯೇ ಎಂದು ವಿಚಾರಿಸಿದ. ಸ್ವಂತ ಅಣ್ಣತಮ್ಮಂದಿರಿಗೆ ಇಲ್ಲದ ಕಾಳಜಿ! ಇತ್ತ ನಿಜವಾದ ಗಿರಾಕಿಗಳಿಗೆ ಲೈನೇ ಸಿಗುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಮುದುಡಿದ ಕೋಟಿನಲ್ಲಿ ಖುದ್ದಾಗಿ ಬಂದು, "ನಾಲ್ಕು ಸಲ ಮಾಡಿದೆ ಅಕ್ಕಾ, ಬಿಜಿ ಬಿಜಿ. ಅಂಗಡಿ ಮುಚ್ಚಿದ್ರಾ ಹೇಗೆ?" ಅಂದರು. ಆ ಮಾತು ಗುರುತಕ್ಕನ ಎದೆಗೇ ಇಸ್ತ್ರಿಯಂತೆ ತಾಕಿತು.

ಅದಕ್ಕಿಂತ ಘೋರವಾದದ್ದು ಮೂರನೇ ದಿನ ನಡೆಯಿತು. ಯಜಮಾನರು ಕತ್ತಿಗೆ ಟವೆಲು ಸುತ್ತಿಕೊಂಡು ಕೂತಿದ್ದರು.

"ಏನ್ರೀ ಇದು?"

"ಇಷ್ಟು ಜನ ಹೇಳ್ತಿದಾರೆ ಅಂದ್ಮೇಲೆ ಏನೋ ಇರಬೇಕಲ್ವೇನೇ? ಎಡಕ್ಕೆ ತಿರುಗಿಸಿದ್ರೆ ಚುರ್ ಅನ್ನುತ್ತೆ."

"ನಿಮ್ಮ ಎಡಕ್ಕೆ ಪಾತ್ರೆ ತೊಳೆಯೋ ಜಾಗ ಇದೆ. ಆ ಕಡೆ ನಿಮ್ಮ ಕತ್ತು ಯಾವತ್ತು ತಿರುಗಿತ್ತು?"

ಮಗಳು ಹೊಸ ಸಿಮ್ ಹಿಡಿದುಕೊಂಡೇ ಬಂದಳು. "ಅಮ್ಮಾ, ಹಟ ಬಿಡು. ನಂಬರ್ ಬದಲಾಯಿಸಿಬಿಡು, ಪೀಡೆ ತೊಲಗುತ್ತೆ. ಶನಿವಾರ ಪೇಂಟರ್‌ಗೆ ಬರೋಕೆ ಹೇಳಿದೀನಿ."

"ಬದಲಾಯಿಸಿದ್ರೆ ಅರ್ಧ ಊರಿನ ಬಟ್ಟೆ ಇನ್ಯಾರದೋ ಹಗ್ಗಕ್ಕೆ ಹೋಗುತ್ತೆ ಕಣೇ. ತಿಗಣೆ ಬಂತು ಅಂತ ಮನೆ ಸುಡ್ತಾರಾ?"

"ಸರಿ, ಶನಿವಾರದೊಳಗೆ ನಿಲ್ಲಿಸು ನೋಡೋಣ."

ಅಂದು ಸೋಮವಾರ. ಯುದ್ಧಕ್ಕೆ ಐದು ದಿನ.

ಗುದ್ದಿದ ಕಾರಿನವನು ಇಳಿಯದೆಯೇ ಪರಾರಿಯಾಗಿದ್ದ. ಡಿಕ್ಕಿಯ ವಿಷಯ, ನಂಬರಿನ ಸಮೇತ, ಗೊತ್ತಿದ್ದದ್ದು ಮೂವರಿಗೆ. ಎಳೆಯುವ ಲಾರಿಯವನು, ಗ್ಯಾರೇಜಿನವನು, ವಿಮೆ ಕಂಪನಿ. ಗುರುತಕ್ಕ ಮೂವರನ್ನೂ ಕೇಳಿದಳು. ಮೂವರೂ "ನಮ್ಮಿಂದ ಹೋಗೋಕೆ ಸಾಧ್ಯಾನೇ ಇಲ್ಲ" ಅಂದರು. ಮೂರೂ ಅಂಗಿ ಬಿಳಿಯೇ, ಕಲೆ ಯಾವುದರಲ್ಲಿದೆ? ಇಸ್ತ್ರಿ ಮೇಜಿನ ಮುಂದೆ ನಿಂತು ಆಕೆ ಯೋಚಿಸಿದಳು. ಕೈ ತಾನಾಗಿಯೇ ಕೆಂಪು ದಾರದ ಉಂಡೆಯ ಕಡೆಗೆ ಹೋಯಿತು. ಆಗ ಹೊಳೆಯಿತು: ಗುರುತು ಹೊಲಿಯಬೇಕು, ಮೂವರಿಗೂ ಬೇರೆಬೇರೆ.

ಸುಳ್ಳು ಹೇಳುವ ಜಾಯಮಾನ ಆಕೆಯದಲ್ಲ, ಅದರ ಅಗತ್ಯವೂ ಇರಲಿಲ್ಲ. ಅಂದು ವ್ಯಾನಿನಲ್ಲಿ ತರಹೇವಾರಿ ಸಾಮಾನಿತ್ತು; ಲಾರಿ ಬರುವ ಮೊದಲೇ ಅದೆಲ್ಲ ಆಟೋದಲ್ಲಿ ಅಂಗಡಿ ಸೇರಿದ್ದರಿಂದ ಮೂವರಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಲಾರಿಯವನಿಗೆ ಫೋನು ಮಾಡಿ, "ಅದರಲ್ಲಿ ಡಾಕ್ಟರ ಕೋಟುಗಳಿದ್ವು ಕಣಪ್ಪಾ" ಅಂದಳು. ಗ್ಯಾರೇಜಿನವನಿಗೆ ಹೋಟೆಲಿನ ಮೇಜಿನ ಬಟ್ಟೆಗಳ ಸುದ್ದಿ ಕೊಟ್ಟಳು. ವಿಮೆ ಕಂಪನಿಗೆ ಮಾತ್ರ ಹೇಳಿದ್ದು ಕರಡಿಯ ವಿಷಯ. ನಾಟಕದವರು ಒಗೆಯಲು ಕೊಟ್ಟಿದ್ದ ಕರಡಿ ವೇಷ, ತಲೆ ಸಮೇತ ಆಳೆತ್ತರದ್ದು. ಹಿಂದೆ ತುರುಕಿದರೆ ಇಸ್ತ್ರಿ ಮಾಡಿದ ಬಟ್ಟೆ ಕೆಡುತ್ತದೆಂದು ಯಜಮಾನರು ಅದನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದ್ದರು. ಅತ್ತ ಕಡೆಯ ಗುಮಾಸ್ತೆ, "ಮುಂದಿನ ಸೀಟು... ಕರಡಿ ವೇಷ... ಬೆಲ್ಟ್ ಹಾಕಿತ್ತು" ಎಂದು ಉಸುರುತ್ತಾ ಟೈಪು ಮಾಡಿದ್ದು ಕೇಳಿಸಿತು. ಗಾಳ ನೀರಿಗಿಳಿಯಿತು.

ಬುಧವಾರ ಮೀನು ಕಚ್ಚಿತು.

"ಮೇಡಮ್, ನಿಮ್ಮನೆಯವರ ಜೊತೆ ಇನ್ನೊಬ್ಬರಿದ್ರಲ್ಲ? ಕರಡಿ ವೇಷ ಹಾಕ್ಕೊಂಡು ಮುಂದೆ ಕೂತಿದ್ದವರು. ಅವರ ಕತ್ತು ಹೇಗಿದೆ?"

ಗುರುತಕ್ಕ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಧ್ವನಿಗೆ ಜೇನು ಸವರಿದಳು. "ಅಯ್ಯೋ, ಅವತ್ತಿನಿಂದ ಒಂದು ಮಾತೂ ಆಡಿಲ್ಲಪ್ಪಾ."

"ಅಯ್ಯೋ ಪಾಪ! ಆಘಾತ ಮೇಡಮ್, ಅದಕ್ಕೆ ಪರಿಹಾರ ಜಾಸ್ತಿ. ಅವರ ಜೊತೆ ಮಾತಾಡಬಹುದಾ?"

"ನಾಳೆ ಹನ್ನೊಂದು ಗಂಟೆಗೆ ಸರಿಯಾಗಿ ಮಾಡು. ಪಕ್ಕದಲ್ಲೇ ಕೂರಿಸಿರ್ತೀನಿ."

ಗುರುವಾರ ಹತ್ತೂಮುಕ್ಕಾಲಿಗೆ ದಂಡಯಾತ್ರೆ ಹೊರಟಿತು. ಮುಂದೆ ಗುರುತಕ್ಕ. ಹಿಂದೆ, ಒಗೆದು ಒಣಗಿಸಿ ಬಾಚಿದ ಕರಡಿಯನ್ನು ಹೆಗಲ ಮೇಲೆ ಹೊತ್ತ ಯಜಮಾನರು. ಕತ್ತುನೋವು ಅವರಿಗೆ ಆ ಹೊತ್ತಿಗೆ ಮರೆತೇಹೋಗಿತ್ತು. ವಿಮೆ ಕಚೇರಿಯಲ್ಲಿ ಗಾಜಿನ ಕೌಂಟರು, ಸಾಲು ಕುರ್ಚಿ, ಟೋಕನ್ ಯಂತ್ರ. ಗುರುತಕ್ಕ ಎರಡು ಟೋಕನ್ ತೆಗೆದುಕೊಂಡು ಒಂದನ್ನು ಕರಡಿಯ ತೊಡೆಯ ಮೇಲಿಟ್ಟಳು. ಕಾಯುತ್ತಿದ್ದವರು ನಯವಾಗಿ ಸರಿದು ಜಾಗ ಕೊಟ್ಟರು.

ಮ್ಯಾನೇಜರು ಹೊರಗೆ ಬಂದರು. "ಏನಮ್ಮಾ ಇದು?"

"ಗಾಯಾಳು."

"ತಮಾಷೆ ಮಾಡಬೇಡಿ ಮೇಡಮ್. ಕರೆಗಳ ವಿಷಯ ಆಗಲೇ ಹೇಳಿದೀವಿ. ನಮ್ಮ ಕಂಪನಿಯಿಂದ ಗ್ರಾಹಕರ ಮಾಹಿತಿ ಒಂದಕ್ಷರ ಹೊರಗೆ ಹೋಗಲ್ಲ."

ಹನ್ನೊಂದು ಹೊಡೆಯಿತು. ಫೋನು ಬಡಿದುಕೊಂಡಿತು. ಗುರುತಕ್ಕ ಎರಡನೇ ರಿಂಗಿಗೆ ಎತ್ತಿ, ಸ್ಪೀಕರ್ ಹಾಕಿ, ಕೌಂಟರಿನ ಮೇಲಿಟ್ಟಳು.

"ನಮಸ್ಕಾರ ಮೇಡಮ್! ಕರಡಿ ವೇಷದವರು ಬಂದಿದಾರಾ?"

ಕಚೇರಿಯವರೆಲ್ಲ ಕರಡಿಯ ಕಡೆ ತಿರುಗಿ ಒಟ್ಟಿಗೇ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮ್ಯಾನೇಜರು ಟೈ ಮುಟ್ಟಿ ನೋಡಿಕೊಂಡರು.

ಫೋನು ಇಟ್ಟು ಗುರುತಕ್ಕ ಹೇಳಿದಳು: "ಈ ಕರಡಿ ವಿಷಯ ನಿಮ್ಮ ಕಂಪನಿಗೆ ಬಿಟ್ಟು ಹೊರಗೆ ಯಾರಿಗೂ ಹೇಳಿಲ್ಲ ಸ್ವಾಮಿ."

ಮ್ಯಾನೇಜರು ಒಳಗೆ ಹೋಗಿ ಕಂಪ್ಯೂಟರು ನೋಡಿ, ಒಂದು ಫಾರಂ ಹಿಡಿದು ಬಂದರು. ದನಿ ಇಳಿದಿತ್ತು. "ಪಾಲುದಾರ ಸಂಸ್ಥೆಗಳಿಗೆ ಕೊಡಬಹುದು ಅಂತ ಹದಿನಾಲ್ಕನೇ ಪುಟದಲ್ಲಿದೆ ಮೇಡಮ್. ನೀವೇ ಸಹಿ ಹಾಕಿದೀರಿ."

"ನನ್ನ ಹತ್ರ ನೀವೂ ಅಂಗಿ ಕೊಡ್ತೀರಿ. ಒಗೀಲಿ ಅಂತ ಕೊಡ್ತೀರಿ. ಚೀಟಿ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಬರ್ಕೊಂಡು, ಅದನ್ನ ಊರವರಿಗೆಲ್ಲ ಹಾಕ್ಕೊಳ್ಳೋಕೆ ಕೊಟ್ರೆ ನೀವು ಸುಮ್ನಿರ್ತೀರಾ?"

"ಹಾಗಲ್ಲ..."

"ನಿಮ್ಮದು ಕಾಲರಿನಲ್ಲಿ ನಾಲ್ಕು ಹೊಲಿಗೆ, ಒಂದು ಗಂಟು. ಒಂಬತ್ತು ವರ್ಷದಿಂದ ಒಂದು ಗುಂಡಿಯೂ ಕಳೆದಿಲ್ಲ. ನನ್ನ ನಂಬರು ಎಲ್ಲೆಲ್ಲಿ ಹೋಗಿದೆಯೋ ಅಷ್ಟೂ ಕಡೆಯಿಂದ ವಾಪಸು ತರಿಸಿ. ಯಾರ್ಯಾರಿಗೆ ಕೊಟ್ಟಿದ್ರಿ, ಅಳಿಸಿದೀರಿ ಅಂತ ಬರೆದು ಕೊಡಿ. ನನಗೆ ಕೆಲಸ ಇದೆ, ಹೊರಡ್ತೀನಿ. ಇವರಿಗೇನೂ ಅವಸರ ಇಲ್ಲ, ಕಾಯ್ತಾರೆ."

ಕರಡಿ ಕಾಯಿತು. ದಿನವಿಡೀ ಬಂದ ಗ್ರಾಹಕರೆಲ್ಲ ಅದು ಯಾಕೆ ಕೂತಿದೆ ಎಂದು ಕೇಳಿದರು. ಕೇಳಿದವರು ತಮ್ಮ ತಮ್ಮ ಹದಿನಾಲ್ಕನೇ ಪುಟದ ಬಗ್ಗೆಯೂ ಕೇಳತೊಡಗಿದರು. ಸಂಜೆ ಐದಕ್ಕೆ ಕಂಪನಿಯ ಕಾರಿನಲ್ಲಿ, ಬೆಲ್ಟು ಹಾಕಿಕೊಂಡೇ, ಕರಡಿ ಲಾಂಡ್ರಿಗೆ ಮರಳಿತು. ಅದರ ಕೈಯಲ್ಲಿ ಕಾಗದವಿತ್ತು: ಆರು ಸಂಸ್ಥೆಗಳ ಹೆಸರು, ನಂಬರು ಅಳಿಸಿದ್ದೇವೆಂಬ ಮಾತು, ಕ್ಷಮಾಪಣೆ, ಸಹಿ, ಮೊಹರು.

ಶುಕ್ರವಾರ ಪರಿಹಾರದವರಿಂದ ಬಂದದ್ದು ಎರಡೇ ಕರೆ. ಶನಿವಾರ ಮಧ್ಯಾಹ್ನದವರೆಗೆ ಒಂದೂ ಇಲ್ಲ. ಯಜಮಾನರ ಕತ್ತು ಎಡಕ್ಕೂ ತಿರುಗತೊಡಗಿದ್ದನ್ನು ಗುರುತಕ್ಕ ಗಮನಿಸಿ, ಪಾತ್ರೆ ತೊಳೆಯುವ ಬ್ರಶ್ಶನ್ನು ಆ ಕಡೆಗೇ ಇಟ್ಟಳು.

ಪೇಂಟರು ಏಣಿ ಹಾಕಿ ಹತ್ತಿದ. "ಅಕ್ಕಾ, ಹೊಸ ನಂಬರು ಹೇಳಿ."

ಮಗಳು ಸಿಮ್ಮನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡಳು.

"ಹಳೇದನ್ನೇ ತಿದ್ದಿ ಬರಿ. ಇನ್ನೊಂಚೂರು ದಪ್ಪಕ್ಕೆ."

ಅಷ್ಟರಲ್ಲಿ ಫೋನು ಹೊಡೆಯಿತು. ಏಣಿಯ ಮೇಲಿನ ಕುಂಚವೂ ನಿಂತಿತು. ಎರಡನೇ ರಿಂಗಿಗೆ ಗುರುತಕ್ಕ ಎತ್ತಿದಳು.

"ಹೇಳಿ ಡಾಕ್ಟ್ರೇ. ಮತ್ತೆ ಇಂಕಾ?"